ಕಂಬಂ ಕಣಿವೆಯ ಮನೆಮಾತಿನಲ್ಲಿ ವಿದ್ಯೆಯ ಪದಗಳು

"ಇವತ್ತು ಸಾರ್ ಲೀವು, ಪಳ್ಳಿಕ್ಕೂಡ ಇಲ್ಲ, ಮನೇಲೇ ಓದು ಅಂದ್ರು ಟೀಚರು." ನಮ್ಮ ಕಣಿವೆಯ ಕನ್ನಡ ಮನೆಗಳಲ್ಲಿ ಮಕ್ಕಳ ಬಾಯಿಂದ ಇಂಥ ಮಾತನ್ನು ಕೇಳದವರು ವಿರಳ. ಕೇಳಿದ ಹಿರಿಯರು ಮಗುವಿಗೆ ರಜೆ ಸಿಕ್ಕಿತೆಂದು ನಗುತ್ತಾರೆ, ಇಲ್ಲವೇ ತೋಟಕ್ಕೆ ಬುತ್ತಿ ಒಯ್ಯಲು ಒಬ್ಬರು ಸಿಕ್ಕರೆಂದು ಸಮಾಧಾನಪಡುತ್ತಾರೆ. ಆದರೆ ಆ ಒಂದು ಮಾತಿನಲ್ಲಿ ಮೂರು ಭಾಷೆಗಳು ಕೂಡಿ ಕುಳಿತಿವೆ. ಸಾರ್, ಲೀವು, ಟೀಚರು ಎಂಬವು ಇಂಗ್ಲಿಷಿನಿಂದ ಬಂದವು. ಪಳ್ಳಿಕ್ಕೂಡ ತಮಿಳಿನದು. ಇವತ್ತು, ಇಲ್ಲ, ಮನೆ, ಓದು, ಅಂದ್ರು ಎಂಬವು ಮಾತ್ರ ನಮ್ಮ ಹಿರಿಯರು ಇಲ್ಲಿಗೆ ಬರುವಾಗ ಜೊತೆಗೆ ತಂದ ಕನ್ನಡ.

ಸಾಹಿತ್ಯ ಸಮ್ಮಿಲನದ ಈ ಸಂಚಿಕೆಗೆ ಏನು ಬರೆಯುವುದೆಂದು ಯೋಚಿಸುತ್ತಿದ್ದಾಗ ಈ ಮಾತೇ ನಮ್ಮ ಮನಸ್ಸಿನಲ್ಲಿ ನಿಂತಿತು. ತೇನಿ, ದಿಂಡಿಗಲ್ ಜಿಲ್ಲೆಗಳ ಕನ್ನಡಿಗರು ಕನ್ನಡದಲ್ಲಿ ಮಾತನಾಡುತ್ತಾರೆ, ತಮಿಳಿನಲ್ಲಿ ಓದುತ್ತಾರೆ, ಇಂಗ್ಲಿಷಿನಲ್ಲಿ ಪರೀಕ್ಷೆ ಬರೆದು ಉದ್ಯೋಗಕ್ಕೆ ಹೋಗುತ್ತಾರೆ. ಹೀಗಿರುವಾಗ ಶಾಲೆ, ಗುರು, ಓದು ಇವುಗಳ ಬಗ್ಗೆ ನಾವು ಆಡುವ ಪದಗಳು ಎಲ್ಲಿಂದ, ಯಾವ ಕಾಲದಲ್ಲಿ, ಯಾವ ದಾರಿಯಾಗಿ ನಮ್ಮ ಮನೆಗೆ ಬಂದವು? ಅವುಗಳಲ್ಲಿ ಯಾವುದು ಉಳಿದಿದೆ, ಯಾವುದು ಕೈಜಾರುತ್ತಿದೆ? ಇದನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಈ ಬರಹದ ಉದ್ದೇಶ.

ಕೊಟ್ಟಿಗೆಯ ಪದ, ಶಾಲೆಯ ಪದ

ಇಂದಿನ ದಿಂಡಿಗಲ್ ಜಿಲ್ಲೆ 1985ರಲ್ಲಿ, ತೇನಿ ಜಿಲ್ಲೆ 1996ರಲ್ಲಿ ರೂಪುಗೊಂಡವು. ಅದಕ್ಕೂ ಹಿಂದೆ ಈ ಸೀಮೆಯೆಲ್ಲ ಮಧುರೆ ಜಿಲ್ಲೆಗೆ ಸೇರಿತ್ತು. 1906ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಸಿದ್ಧಪಡಿಸಿದ ಮಧುರಾ ಗೆಜೆಟಿಯರ್, 1909ರಲ್ಲಿ ಏಳು ಸಂಪುಟಗಳಲ್ಲಿ ಹೊರಬಂದ ಎಡ್ಗರ್ ಥರ್ಸ್ಟನ್ನರ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಗ್ರಂಥ, ಈ ಎರಡರಲ್ಲಿಯೂ ಇಲ್ಲಿನ ಕನ್ನಡ ಮಾತಿನ ಬೇಸಾಯಗಾರರ ಪ್ರಸ್ತಾಪವಿದೆ. ಕಪ್ಪಿಲಿಯರು, ಅನುಪ್ಪರು ಎಂಬ ಹೆಸರುಗಳಲ್ಲಿ ಅವರು ಅಲ್ಲಿ ದಾಖಲಾಗಿದ್ದಾರೆ. ಉತ್ತರದ ಕನ್ನಡ ಸೀಮೆಯಿಂದ ನದಿ ದಾಟಿ ದಕ್ಷಿಣಕ್ಕೆ ವಲಸೆ ಬಂದ ಕಥೆಯನ್ನು ಅವರು ಹೇಳಿಕೊಳ್ಳುತ್ತಿದ್ದರೆಂದೂ ಬರೆದಿದೆ. ನಮ್ಮ ಅಜ್ಜಿಯರು ಹೇಳುತ್ತಿದ್ದ ಕಥೆಯೂ ಅದೇ.

ಕಂಬಂ ಊರಿನ ದೇವರ ದನಗಳ ಮಂದೆಯ ಬಗೆಗೂ ಆ ದಾಖಲೆಗಳಲ್ಲಿ ವಿವರವಿದೆ. ತಮಿಳಿನಲ್ಲಿ ತಂಬಿರಾನ್ ಮಾಡು ಎನ್ನುವ ಈ ಮಂದೆಯನ್ನು ಕನ್ನಡದಲ್ಲಿ 'ದೇವರ ಆವು' ಎಂದೂ, ಮಂದೆಗೆ ಒಡೆಯನಾದ ಹೋರಿಯನ್ನು 'ಪಟ್ಟದ ಆವು' ಎಂದೂ ಕರೆಯುತ್ತಿದ್ದರೆಂದು ಆ ಇಂಗ್ಲಿಷ್ ಅಧಿಕಾರಿಗಳು ರೋಮನ್ ಲಿಪಿಯಲ್ಲಿ ಬರೆದಿಟ್ಟರು. 'ಆವು' ಎಂಬುದು ಹಳಗನ್ನಡ ಕಾವ್ಯಗಳಲ್ಲಿ ಬರುವ ಪದ. ಬೆಂಗಳೂರು ಮೈಸೂರಿನ ಮಾತಿನಲ್ಲಿ ಅದರ ಜಾಗಕ್ಕೆ 'ಹಸು' ಬಂದು ಬಹಳ ಕಾಲವಾಯಿತು. ನಮ್ಮ ಕೊಟ್ಟಿಗೆಯಲ್ಲಿ ಅದು ಶತಮಾನಗಳ ನಂತರವೂ ಉಳಿದಿತ್ತು.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕೊಟ್ಟಿಗೆ, ಹೊಲ, ಅಡುಗೆಮನೆ, ನಂಟಸ್ತನ ಇವುಗಳ ಪದಗಳನ್ನು ಹಿರಿಯರು ಹೊತ್ತು ತಂದರು. ಅವು ಮನೆಯೊಳಗಿನ ವ್ಯವಹಾರವಾದ್ದರಿಂದ ಉಳಿದವು. ಶಾಲೆ ಮನೆಯ ಹೊರಗಿನದು. ಅದನ್ನು ಕಟ್ಟಿದವರು ಬೇರೆ, ನಡೆಸಿದವರು ಬೇರೆ, ಅಲ್ಲಿನ ಲಿಪಿಯೂ ಬೇರೆ. ಆದುದರಿಂದ ಅದರ ಪದಗಳನ್ನು ನಾವು ಅಲ್ಲಿಂದಲೇ ಎತ್ತಿಕೊಂಡು ಬರಬೇಕಾಯಿತು. 1755ರಲ್ಲಿ ಹೈದರಾಲಿ ದಿಂಡಿಗಲ್ಲಿನ ಫೌಜುದಾರನಾಗಿ ಬಂದ ಮೇಲೆ, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಡುವವರೆಗೆ, ದಿಂಡಿಗಲ್ಲಿನ ಕೋಟೆಗೂ ಮೈಸೂರಿಗೂ ನೇರ ಸಂಬಂಧವಿತ್ತು. ಆ ಸಂಬಂಧ ಕಡಿದ ಮೇಲೆ ಕನ್ನಡ ಇಲ್ಲಿ ಕೇವಲ ಮನೆಮಾತಾಗಿ ಉಳಿಯಿತು.

ಪಳ್ಳಿಯೂ ಹಳ್ಳಿಯೂ

ಪಳ್ಳಿಕ್ಕೂಡ ಎಂಬ ಪದ ತಮಿಳಿನದೆಂದು ಮೇಲೆ ಹೇಳಿದೆವು. ಆದರೆ ಅದರೊಳಗಿನ 'ಪಳ್ಳಿ' ನಮಗೆ ಪರಕೀಯವಲ್ಲ. ಕನ್ನಡದಲ್ಲಿ ಪದದ ಮೊದಲಿನ ಪಕಾರ ಹಕಾರವಾಗುತ್ತ ಬಂದುದು ನಮಗೆಲ್ಲ ತಿಳಿದ ವಿಷಯ. ಪಾಲು ಹಾಲಾಯಿತು, ಪಲಗೆ ಹಲಗೆಯಾಯಿತು, ಪಳ್ಳಿ ಹಳ್ಳಿಯಾಯಿತು. ಭಾಷಾಶಾಸ್ತ್ರಜ್ಞರು ತಮಿಳಿನ ಪಳ್ಳಿಯನ್ನೂ ಕನ್ನಡದ ಹಳ್ಳಿಯನ್ನೂ ಒಂದೇ ಮೂಲದಡಿ ಇಟ್ಟಿದ್ದಾರೆ. ಜನರು ತಂಗುವ ನೆಲೆ ಎಂಬುದು ಅದರ ಮೂಲಾರ್ಥ. ಕನ್ನಡದಲ್ಲಿ ಆ ನೆಲೆ ಊರಾಯಿತು. ತಮಿಳಿನಲ್ಲಿ ಜೈನ ಬೌದ್ಧ ಸನ್ಯಾಸಿಗಳು ತಂಗುವ ತಾಣವೂ ಆಯಿತು. ಆ ತಾಣಗಳಲ್ಲಿ ಪಾಠ ನಡೆಯುತ್ತಿದ್ದುದರಿಂದ ಪಳ್ಳಿ ಎಂದರೆ ಕಲಿಯುವ ಜಾಗ ಎಂಬ ಅರ್ಥ ಬೆಳೆಯಿತೆಂದು ವಿದ್ವಾಂಸರು ಹೇಳುತ್ತಾರೆ.

ಈ ಮಾತಿಗೆ ಸಾಕ್ಷಿ ನಮ್ಮ ಕಣಿವೆಯಲ್ಲೇ ಇದೆ. ಉತ್ತಮಪಾಳಯದ ಬಂಡೆಯ ಮೇಲೆ ತೀರ್ಥಂಕರರ ಉಬ್ಬುಶಿಲ್ಪಗಳಿವೆ, ಅವುಗಳ ಕೆಳಗೆ ವಟ್ಟೆಳುತ್ತು ಲಿಪಿಯ ಬರಹಗಳಿವೆ. ಮಧುರೆ ಸೀಮೆಯ ಹಲವು ಜೈನ ನೆಲೆಗಳಲ್ಲಿ ಕಾಣುವ ಅಜ್ಜನಂದಿ ಎಂಬ ಗುರುವಿನ ಹೆಸರು ಇಲ್ಲಿಯೂ ಇದೆ. ಮಧುರೆಯ ಬಳಿಯ ಸಮಣರ ಮಲೆಯ ನೆತ್ತಿಯಲ್ಲಂತೂ ಕನ್ನಡ ಶಾಸನವೇ ಇದೆ. ಅದರಲ್ಲಿ ಬೆಳಗೊಳದ ಮೂಲಸಂಘದ ಗುರುಗಳ ಹೆಸರುಗಳು ಬರುತ್ತವೆ. ಶ್ರವಣಬೆಳಗೊಳದಿಂದ ಇಲ್ಲಿಗೆ ಗುರುಗಳು ಬಂದು, ತಮಿಳು ನಾಡಿನ ಬೆಟ್ಟದ ಮೇಲೆ ಕನ್ನಡದಲ್ಲಿ ಬರೆಸಿದ ಆ ಸಾಲುಗಳನ್ನು ನೋಡಿದವರಿಗೆ, ಕನ್ನಡದ ಅಕ್ಷರ ಈ ಸೀಮೆಗೆ ಹೊಸತೆಂದು ಹೇಳಲು ಮನಸ್ಸಾಗದು. ನಮ್ಮ ವಲಸೆಗಿಂತಲೂ ಅದು ಹಳೆಯದು.

ಇಂಥ ಜೈನ ಬರಹಗಳಲ್ಲಿ ಶಿಷ್ಯರನ್ನು 'ಮಾಣಾಕ್ಕರ್' ಎಂದು ಕರೆದಿದೆ. ಇಂದು ತಮಿಳು ಶಾಲೆಗಳ ಫಲಕಗಳಲ್ಲಿ ವಿದ್ಯಾರ್ಥಿಗಳಿಗೆ 'ಮಾಣವರ್' ಎಂದು ಬರೆಯುತ್ತಾರೆ. ನಮ್ಮ ಕರಾವಳಿಯ 'ಮಾಣಿ'ಯೂ ಅದೇ ಕುಲದವನು. ವೇದ ಕಲಿಯುವ ಹುಡುಗನಾಗಿದ್ದ ಮಾಣಿ ಮುಂದೆ ಮನೆಯ ಹುಡುಗನಾದ, ಉಡುಪಿ ಹೋಟೆಲಿನಲ್ಲಿ ತಿಂಡಿ ತಂದಿಡುವವನೂ ಆದ. ತಮಿಳಿನಲ್ಲಿ ಅವನು ಶಾಲೆಯಲ್ಲೇ ಉಳಿದ.

ಕನ್ನಡ ನಾಡಿನ ಹಳೆಯ ಶಾಲೆಗಳು

ನಮ್ಮ ಹಿರಿಯರು ಬಿಟ್ಟುಬಂದ ನಾಡಿನಲ್ಲಿ ವಿದ್ಯೆಯ ಪದಗಳು ಸಮೃದ್ಧವಾಗಿದ್ದವು. ಇಂದಿನ ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನವು ಅಲ್ಲಿನ ಘಟಿಕಾಸ್ಥಾನದಲ್ಲಿ ವೇದ ಕಲಿಯುವ 200 ಮಂದಿ, ಶಾಸ್ತ್ರ ಕಲಿಯುವ 50 ಮಂದಿ ವಿದ್ಯಾರ್ಥಿಗಳಿದ್ದರೆಂದು ಹೇಳುತ್ತದೆ. ಪುಸ್ತಕಗಳನ್ನು ನೋಡಿಕೊಳ್ಳಲು ಅಲ್ಲಿ ಆರು ಮಂದಿ ಇದ್ದರು. ಅವರ ಹುದ್ದೆಯ ಹೆಸರು ಸರಸ್ವತೀ ಭಂಡಾರಿಗರು. ಇಂದು ನಾವು ಲೈಬ್ರರಿಯನ್ ಎನ್ನುವವರಿಗೆ ಸಾವಿರ ವರ್ಷದ ಹಿಂದೆಯೇ ಇಷ್ಟು ಸೊಗಸಾದ ಹೆಸರಿತ್ತು.

ನಮ್ಮಂಥವರಿಗೆ ಇನ್ನೂ ಹತ್ತಿರವಾದ ನಿದರ್ಶನ ಹೊಯ್ಸಳರ ಕಾಲದ್ದು. ಮೂರನೆಯ ನರಸಿಂಹನ ದಂಡನಾಯಕ ಪೆರುಮಾಳೆ 1290ರಲ್ಲಿ ಇಂದಿನ ಮೈಸೂರು ಜಿಲ್ಲೆಯ ಮೈಲಂಗಿಯಲ್ಲಿ ವಿದ್ಯಾಸಂಸ್ಥೆಯೊಂದಕ್ಕೆ ದತ್ತಿ ಬಿಟ್ಟ. ಅಲ್ಲಿ ಬಾಲಕರಿಗೆ ನಾಗರ, ಕನ್ನಡ, ತಿಗುಳ, ಆರ್ಯ ಎಂಬ ನಾಲ್ಕು ಬಗೆಯ ಅಕ್ಷರಗಳನ್ನು ಕಲಿಸಲು ಏರ್ಪಾಡಾಗಿತ್ತು. ತಿಗುಳವೆಂದರೆ ತಮಿಳು, ಆರ್ಯವೆಂದರೆ ಮರಾಠಿ. ಕನ್ನಡವೂ ತಮಿಳೂ ಒಂದೇ ಜಗುಲಿಯಲ್ಲಿ ಕುಳಿತ ಶಾಲೆ ಏಳು ಶತಮಾನದ ಹಿಂದೆ ಇತ್ತೆಂಬುದು, ಎರಡು ಭಾಷೆಗಳ ನಡುವೆ ಬದುಕುವ ನಮಗೆ ನೆನಪಿನಲ್ಲಿಡತಕ್ಕ ಸಂಗತಿ.

ಜನಸಾಮಾನ್ಯರ ಮಕ್ಕಳು ಕಲಿತದ್ದು ಇಂಥ ದೊಡ್ಡ ಸಂಸ್ಥೆಗಳಲ್ಲಲ್ಲ. ಅವರಿಗಿದ್ದುದು ಊರಿನ ಕೂಲಿಮಠ. ಅಲ್ಲಿ ಕಲಿಸುವವರು ಐಗಳು, ಅಂದರೆ ಅಯ್ಯಗಳು. ಅದರಿಂದಲೇ ಹಳಬರ ಮಾತಿನಲ್ಲಿ 'ಮಠಕ್ಕೆ ಹೋಗು' ಎಂದರೆ ಓದಲು ಹೋಗು ಎಂದೇ ಅರ್ಥ. ತಮಿಳು ನಾಡಿನಲ್ಲಿ ಇದರ ಸೋದರ ಸಂಸ್ಥೆ ತಿಣ್ಣೈ ಪಳ್ಳಿಕ್ಕೂಡ. ತಿಣ್ಣೈ ಎಂದರೆ ಜಗುಲಿ. ಅಲ್ಲಿನ ಗುರು ವಾತ್ತಿಯಾರ್. ಈ ಪದ ಸಂಸ್ಕೃತದ ಉಪಾಧ್ಯಾಯದಿಂದ ಬಂದದ್ದು. ಬಳಿಗೆ ಹೋಗಿ ಯಾರಿಂದ ಕಲಿಯುತ್ತೇವೋ ಅವರೇ ಉಪಾಧ್ಯಾಯರು. ಅದೇ ಪದ ಪ್ರಾಕೃತದ ದಾರಿಯಲ್ಲಿ ಸವೆದು ಕನ್ನಡದಲ್ಲಿ 'ಓಜ' ಎಂದಾಯಿತು. ಬೇಲೂರಿನ ಶಿಲ್ಪಗಳನ್ನು ಕಡೆದ ಬಳ್ಳಿಗಾವೆಯ ದಾಸೋಜನ ಹೆಸರಿನ ಕೊನೆಯಲ್ಲಿರುವುದು ಇದೇ. ಕಲ್ಲಿನ ಕೆಲಸ ಬಲ್ಲವನನ್ನೂ ಅಕ್ಷರ ಬಲ್ಲವನನ್ನೂ ನಮ್ಮ ಹಿಂದಿನವರು ಒಂದೇ ಪದದಿಂದ ಗೌರವಿಸಿದರು.

ಈ ಊರ ಶಾಲೆಗಳ ಚಿತ್ರ ನಮಗೆ ದೊರೆಯುವುದು ಮದರಾಸು ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ನಡೆಸಿದ ವಿಚಾರಣೆಯಿಂದ. ಜಿಲ್ಲೆಗಳ ಕಲೆಕ್ಟರರಿಂದ ಬಂದ ವರದಿಗಳನ್ನೆಲ್ಲ ಕೂಡಿಸಿ ಅವನು 1826ರಲ್ಲಿ ಕೊಟ್ಟ ಲೆಕ್ಕದಂತೆ, ಪ್ರಾಂತದಲ್ಲಿ 12,498 ಶಾಲೆಗಳೂ 1,88,650 ವಿದ್ಯಾರ್ಥಿಗಳೂ ಇದ್ದರು. ಅವುಗಳಲ್ಲಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ 1823ರಲ್ಲಿ ಬರೆದ ವರದಿ ವಿಶೇಷವಾದುದು. ಆಗಿನ ಬಳ್ಳಾರಿ ಜಿಲ್ಲೆಯ 533 ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳಿನವು. ಇಂಗ್ಲಿಷಿನದು ಒಂದೇ ಒಂದು. ಓದುತ್ತಿದ್ದ 6,641 ಮಂದಿಯಲ್ಲಿ ಹೆಣ್ಣುಮಕ್ಕಳು 60 ಮಾತ್ರ.

ಅಕ್ಕಿಯಲ್ಲಿ ಬೆರಳಿನಿಂದ ಮೊದಲ ಅಕ್ಷರ ಬರೆಯಿಸುವ ಕ್ರಮ, ಮುಂಜಾನೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುವುದು, ಎರಡನೆಯವನಿಗೆ ಸೊನ್ನೆ ಬರೆಯುವುದು, ಮೂರನೆಯವನಿಂದ ಮೊದಲಾಗಿ ಒಂದೊಂದು ಏಟು ಹೆಚ್ಚಿಸುತ್ತ ಹೋಗುವುದು, ಇವನ್ನೆಲ್ಲ ಕ್ಯಾಂಬೆಲ್ ವಿವರಿಸಿದ್ದಾನೆ. ಜೊತೆಗೆ ಒಂದು ಕೊರತೆಯನ್ನೂ ಗುರುತಿಸಿದ್ದಾನೆ. ಮಕ್ಕಳು ಬಾಯಿಪಾಠ ಮಾಡುವ ಪದ್ಯಗಳ ಭಾಷೆ ಅವರಾಡುವ ಮಾತಿಗೆ ದೂರವಾಗಿದ್ದು, ಅರ್ಥ ತಿಳಿಯದೆ ಗಿಳಿಯಂತೆ ಒಪ್ಪಿಸುತ್ತಾರೆಂಬುದು ಅವನ ದೂರು. ಮನೆಯ ಮಾತೊಂದು, ಶಾಲೆಯ ಮಾತೊಂದು ಎಂಬ ಕಷ್ಟ ನಮಗೆ ಮಾತ್ರ ಬಂದದ್ದಲ್ಲ. ಕನ್ನಡ ನಾಡಿನ ಕನ್ನಡ ಶಾಲೆಯಲ್ಲಿಯೂ ಅದಿತ್ತು.

ಮೇಷ್ಟ್ರು, ಸಾರ್, ಟೀಚರ್

ಇಂಗ್ಲಿಷಿನ ಶಾಲೆ ಈ ಸೀಮೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅಮೆರಿಕನ್ ಮಿಷನರಿಗಳು 1834ರಲ್ಲಿ ಯಾಳ್ಪಾಣದಿಂದ ಮಧುರೆಗೆ ಬಂದು, ಅಲ್ಪಕಾಲದಲ್ಲೇ ದಿಂಡಿಗಲ್ಲಿನಲ್ಲಿಯೂ ನೆಲೆಯೂರಿದರು. 1835ರಲ್ಲಿ ಮೆಕಾಲೆಯ ಟಿಪ್ಪಣಿ, 1854ರಲ್ಲಿ ವುಡ್ಡನ ಆಜ್ಞಾಪತ್ರ, 1857ರಲ್ಲಿ ಮದರಾಸು ವಿಶ್ವವಿದ್ಯಾಲಯ, ಹೀಗೆ ಒಂದರ ಹಿಂದೆ ಒಂದು ಬಂದವು. ಅವುಗಳ ಜೊತೆಗೆ ಸ್ಕೂಲು, ಕ್ಲಾಸು, ಫೀಸು, ಸ್ಲೇಟು, ಪಾಸು, ಫೇಲು ಎಂಬ ಪದಗಳೂ ಬಂದವು.

ಕನ್ನಡದ 'ಮೇಷ್ಟ್ರು' ಇಂಗ್ಲಿಷಿನ ಮಾಸ್ಟರ್ ಪದದಿಂದ ಆದದ್ದು. ಇದಕ್ಕೂ ಮೊದಲೇ ಪೋರ್ಚುಗೀಸರ ಮೆಸ್ತ್ರೆ ಎಂಬ ಪದ ನಮ್ಮ ಭಾಷೆಗಳಿಗೆ ಬಂದು 'ಮೇಸ್ತ್ರಿ'ಯಾಗಿತ್ತು. ಎರಡರ ಮೂಲವೂ ಲ್ಯಾಟಿನ್ನಿನ ಮ್ಯಾಜಿಸ್ಟರ್. ಗೋಡೆ ಕಟ್ಟಿಸುವವರು ಮೇಸ್ತ್ರಿ, ಅಕ್ಷರ ಕಲಿಸುವವರು ಮೇಷ್ಟ್ರು. ಓಜನ ಕಥೆಯೇ ಇನ್ನೊಂದು ಭಾಷೆಯ ಮೂಲಕ ಮತ್ತೆ ನಡೆದಂತಾಯಿತು. ಕನ್ನಡಿಗರು ಮಾಸ್ಟರಿನ ಕೊನೆಗೆ ಗೌರವದ 'ರು' ಹಚ್ಚಿ ಅದನ್ನು ತಮ್ಮದಾಗಿಸಿಕೊಂಡರು. ಹಾಗೆ ಆದ ಮೇಲೆ ಆ ಪದವನ್ನು ಪರಭಾಷೆಯದೆಂದು ಯಾರೂ ಎಣಿಸಲಿಲ್ಲ.

ನಮ್ಮ ಕಣಿವೆಗೆ ಮೇಷ್ಟ್ರು ಎಂಬ ರೂಪ ಬರಲಿಲ್ಲ. ಕನ್ನಡ ಶಾಲೆಯಿದ್ದ ಕಡೆ ಹುಟ್ಟಿದ ಪದ ಅದು. ನಮಗೆ ವಾತ್ತಿಯಾರೂ, ಅವರ ನಂತರ ಸಾರೂ ದೊರೆತರು. ಇಂಗ್ಲಿಷಿನಲ್ಲಿ ಸರ್ ಎಂಬುದು ಕರೆಯುವಾಗ ಬಳಸುವ ಗೌರವದ ಮಾತು. ನಮ್ಮಲ್ಲಿ ಅದು ವ್ಯಕ್ತಿಯ ಹೆಸರೇ ಆಗಿದೆ. 'ಗಣಿತದ ಸಾರ್ ಬಂದರು' ಎನ್ನುತ್ತೇವೆ. ಟೀಚರ್ ಎಂಬುದಕ್ಕೆ ಇಂಗ್ಲಿಷಿನಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ನಮ್ಮ ಮಕ್ಕಳಿಗೆ ಟೀಚರ್ ಎಂದರೆ ಹೆಂಗಸು ಮಾತ್ರ, ಗಂಡಸಾದರೆ ಸಾರ್. ಬಳ್ಳಾರಿಯ 60 ಹೆಣ್ಣುಮಕ್ಕಳ ಕಾಲದಿಂದ, ಟೀಚರ್ ಎಂದೊಡನೆ ಹೆಣ್ಣೊಬ್ಬಳು ಕಣ್ಣಮುಂದೆ ಬರುವ ಕಾಲದವರೆಗೆ ನಡೆದ ದಾರಿ ಸಣ್ಣದಲ್ಲ. ವೈದ್ಯೆಯಾದ ಟಿ. ಎಸ್. ಸೌಂದರಂ ಅವರು ಜಿ. ರಾಮಚಂದ್ರನ್ ಅವರೊಡನೆ 1947ರಲ್ಲಿ ಚಿನ್ನಾಳಪಟ್ಟಿಯ ಪಕ್ಕದಲ್ಲೇ ಗಾಂಧಿಗ್ರಾಮವನ್ನು ಕಟ್ಟಿದ್ದು ಆ ದಾರಿಯ ಒಂದು ಮುಖ್ಯ ಮೈಲಿಗಲ್ಲು. ಮುಂದೆ ಅವರು ದಿಂಡಿಗಲ್ಲಿನಿಂದ ಲೋಕಸಭೆಗೆ ಹೋಗಿ ಕೇಂದ್ರದ ಶಿಕ್ಷಣ ಉಪಮಂತ್ರಿಗಳೂ ಆದರು. ಕೈಕೆಲಸದ ಮೂಲಕವೇ ವಿದ್ಯೆ ಎಂಬ ಗಾಂಧೀಜಿಯವರ ಮೂಲಶಿಕ್ಷಣದ ವಿಚಾರ ಅಲ್ಲಿ ಬೇರೂರಿತು. ಮಗ್ಗದ ಸದ್ದಿನ ನಡುವೆ ಬೆಳೆದ ಚಿನ್ನಾಳಪಟ್ಟಿಯ ಕನ್ನಡ ಮನೆಮಾತಿನ ನೇಕಾರರಿಗೆ ಆ ವಿಚಾರ ಹೊಸದೇನೂ ಆಗಿರಲಾರದು. ಕೈ ಪಳಗುವುದೇ ವಿದ್ಯೆ ಎಂದು ಅವರು ತಲೆಮಾರುಗಳಿಂದ ಬಲ್ಲರು.

ಬಿಡುವು ಇಲ್ಲದವರ ಸ್ಕೂಲು

ಇಂಗ್ಲಿಷಿನ ಸ್ಕೂಲ್ ಪದ ಗ್ರೀಕ್ ಭಾಷೆಯದು. ಅಲ್ಲಿ ಅದರ ಮೊದಲ ಅರ್ಥ ಬಿಡುವು, ವಿರಾಮ. ದುಡಿಮೆಯಿಂದ ಬಿಡುವು ಇದ್ದವರು ಕುಳಿತು ಚರ್ಚಿಸುತ್ತಿದ್ದರು, ಆ ಚರ್ಚೆಯ ಜಾಗವೇ ಶಾಲೆಯಾಯಿತು. ಇದನ್ನು ಮೊದಲ ಸಲ ಓದಿದಾಗ ನಮಗೆ ನಗು ಬಂತು, ಬಳಿಕ ನೋವೂ ಆಯಿತು. ನಮ್ಮ ತಂದೆ ತಾಯಂದಿರ ತಲೆಮಾರಿಗೆ ಇಲ್ಲದೆ ಹೋದದ್ದು ಬಿಡುವೇ. 1895ರಲ್ಲಿ ಪೆರಿಯಾರ್ ಅಣೆಕಟ್ಟು ಮುಗಿದು, ಬೆಟ್ಟ ಕೊರೆದ ಸುರಂಗದಿಂದ ನೀರು ಹರಿದು, ಕಂಬಂ ಕಣಿವೆ ವರ್ಷಕ್ಕೆ ಎರಡು ಬೆಳೆ ಬೆಳೆಯುವ ನೆಲವಾಯಿತು. ಹೊಟ್ಟೆ ತುಂಬಿತು, ಕೆಲಸವೂ ಹೆಚ್ಚಿತು. ನಾಟಿಗೆ, ಹಕ್ಕಿ ಅಟ್ಟಲು, ಕರು ಮೇಯಿಸಲು ಮಕ್ಕಳ ಕೈಯೂ ಬೇಕಿತ್ತು. ಹಿರಿಯ ಮಗ ಹೊಲದಲ್ಲಿ ಉಳಿದು, ಕಿರಿಯವನು ಪಳ್ಳಿಕ್ಕೂಡಕ್ಕೆ ಹೋದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ.

ಆ ಬಾಗಿಲನ್ನು ಅಗಲವಾಗಿ ತೆರೆದದ್ದು ಅನ್ನ. ಕಾಮರಾಜರು ಮುಖ್ಯಮಂತ್ರಿಯಾಗಿದ್ದಾಗ 1950ರ ದಶಕದಲ್ಲಿ ಶಾಲೆಗಳಲ್ಲಿ ಮಧ್ಯಾಹ್ನದ ಊಟ ಹಬ್ಬಿತು. 1982ರಲ್ಲಿ ಎಂ. ಜಿ. ಆರ್. ಅವರ ಸರಕಾರ ಅದನ್ನು 'ಸತ್ತುಣವು' ಎಂಬ ಹೆಸರಿನಲ್ಲಿ ವಿಸ್ತರಿಸಿತು. ಸತ್ವದ ಊಟ ಎಂದು ಅದರ ಅರ್ಥ. ಕರ್ನಾಟಕದಲ್ಲಿ 2002ರಲ್ಲಿ ಇಂಥದೇ ಯೋಜನೆ ಆರಂಭವಾದಾಗ ಅದಕ್ಕೆ ಅಕ್ಷರ ದಾಸೋಹ ಎಂಬ ಹೆಸರು ಬಂತು. ಶರಣರ ದಾಸೋಹದ ಪದವನ್ನು ಶಾಲೆಯ ಅಡುಗೆಮನೆಗೆ ತಂದ ಆ ಹೆಸರು ಬಹಳ ಒಪ್ಪುವಂಥದು. ನಾವು ಉಂಡದ್ದು ಸತ್ತುಣವು. ಅದರ ಋಣವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ತಮಿಳು ಶಾಲೆ ನಮ್ಮ ಭಾಷೆಯನ್ನು ಕಲಿಸಲಿಲ್ಲ, ನಿಜ. ಆದರೆ ಅಕ್ಷರ ಕೊಟ್ಟದ್ದು, ಅನ್ನ ಕೊಟ್ಟದ್ದು, ಉದ್ಯೋಗದ ದಾರಿ ತೋರಿಸಿದ್ದು ಅದೇ.

ಈ ಶಾಲೆಗಳ ಮೂಲಕ ಬಂದ ಇಂಗ್ಲಿಷ್ ಪದಗಳು ಇಲ್ಲಿ ಹೊಸ ಅರ್ಥ ಪಡೆದವು. ಟ್ಯೂಷನ್ ಎಂಬುದರ ಲ್ಯಾಟಿನ್ ಮೂಲದ ಅರ್ಥ ಕಾಪಾಡುವುದು. ಇಂಗ್ಲಿಷಿನಲ್ಲಿ ಅದು ಬೋಧನೆ. ನಮ್ಮಲ್ಲಿ ಸಂಜೆ ಹಣ ಕೊಟ್ಟು ಮತ್ತೊಮ್ಮೆ ಕೇಳುವ ಪಾಠ. ಕಾನ್ವೆಂಟ್ ಎಂದರೆ ಕ್ರೈಸ್ತ ಸನ್ಯಾಸಿನಿಯರ ಮಠ. ಕರ್ನಾಟಕದಲ್ಲಿ ಯಾವ ಇಂಗ್ಲಿಷ್ ಮಾಧ್ಯಮದ ಶಾಲೆಯಾದರೂ ಕಾನ್ವೆಂಟೇ. ಹಾಗೆ ನೋಡಿದರೆ ಕನ್ನಡಿಗರು ಮಠ ಬಿಟ್ಟು ಮಠಕ್ಕೇ ಬಂದರು. ಮೆಟ್ರಿಕ್ ಎಂದರೆ ವಿಶ್ವವಿದ್ಯಾಲಯದ ಪಟ್ಟಿಗೆ ಹೆಸರು ಸೇರಿಸಲು ಅರ್ಹತೆ ಕೊಡುವ ಪರೀಕ್ಷೆ. ಕರ್ನಾಟಕದ ಹಳಬರಿಗೆ ಅದು ಪಾಸು ಮಾಡುವಂಥದು, ಇಲ್ಲಿ ಮಕ್ಕಳನ್ನು ಸೇರಿಸುವ ಖಾಸಗಿ ಶಾಲೆ. 1978ರಲ್ಲಿ ತಮಿಳುನಾಡಿಗೆ ಬಂದ 'ಪ್ಲಸ್ ಟು' ನಮ್ಮ ಮನೆಗಳಲ್ಲಿ ಮದುವೆಯ ಮಾತುಕತೆಯಲ್ಲೂ ಕೇಳಿಬರುವ ಅಳತೆಯಾಯಿತು. ಕಾಲೇಜಿನಲ್ಲಿ ಉಳಿದ ವಿಷಯಕ್ಕೆ ಇಲ್ಲಿ 'ಅರಿಯರ್' ಎನ್ನುತ್ತಾರೆ. ಬೆಂಗಳೂರಿನ ಮಗು ಅದನ್ನೇ 'ಬ್ಯಾಕ್' ಎನ್ನುತ್ತದೆ. ಎರಡೂ ಹಿಂದೆ ಉಳಿದ ಬಾಕಿಯೇ.

ಹೆಸರು ಕಡ ತರಬಹುದು, ಕ್ರಿಯೆ?

ಇಷ್ಟನ್ನೂ ಪಟ್ಟಿ ಮಾಡಿ ನೋಡಿದಾಗ ನಮಗೆ ಒಂದು ಸಂಗತಿ ಕಂಡಿತು. ಬಂದವೆಲ್ಲ ಹೆಚ್ಚಾಗಿ ನಾಮಪದಗಳು. ವಸ್ತು, ಜಾಗ, ಹುದ್ದೆ, ಪರೀಕ್ಷೆ ಇವುಗಳ ಹೆಸರುಗಳು. ಇಂಗ್ಲಿಷಿನ ಕ್ರಿಯಾಪದ ಬಂದರೂ ಅದು ಕನ್ನಡದ ಆಳಾಗಿಯೇ ದುಡಿಯಬೇಕು. ಪಾಸಾದ, ಫೇಲಾದಳು, ಜಾಯಿನ್ ಮಾಡಿದ, ಅಟೆಂಡ್ ಆಗಲಿಲ್ಲ. 'ಆಗು', 'ಮಾಡು' ಎಂಬ ಕನ್ನಡದ ಕೈ ಹಿಡಿಯದೆ ಅದು ಒಂದು ಹೆಜ್ಜೆಯನ್ನೂ ಇಡಲಾರದು.

ವಿದ್ಯೆಯ ನಿಜವಾದ ಕೆಲಸಗಳಿಗೆ ನಾವು ತಂದ ಕ್ರಿಯಾಪದಗಳು ನಾಲ್ಕು: ಓದು, ಬರೆ, ಕಲಿ, ಹೇಳಿಕೊಡು. ಇವು ಹಳೆಯವು, ಮತ್ತು ತಮಿಳಿನ ಒಡಹುಟ್ಟುಗಳು. ಕನ್ನಡದ 'ಕಲಿ' ಇದ್ದಂತೆ ತಮಿಳಿನಲ್ಲಿ 'ಕಲ್'. ಅದರಿಂದಲೇ ಶಿಕ್ಷಣಕ್ಕೆ ಕಲ್ವಿ, ಕಾಲೇಜಿಗೆ ಕಲ್ಲೂರಿ. ಹಳಗನ್ನಡದಲ್ಲಿ 'ಕಲ್ಪಿ' ಎಂಬ ಪದವೂ ಇತ್ತು. 'ಓದು' ತಮಿಳಿನಲ್ಲಿ ಮಂತ್ರ ಸ್ತೋತ್ರಗಳನ್ನು ಪಠಿಸುವ ಅರ್ಥದಲ್ಲಿ ನಿಂತಿದೆ. ಶಿವಾಲಯಗಳಲ್ಲಿ ತೇವಾರ ಹಾಡುವವರನ್ನು ಓದುವಾರ್ ಎನ್ನುವುದು ಇದರಿಂದಲೇ. ಶಾಲೆಯ ಓದಿಗೆ ಅಲ್ಲಿ 'ಪಡಿ' ಎನ್ನುತ್ತಾರೆ. ನಮ್ಮ 'ಬರೆ' ತಮಿಳಿನಲ್ಲಿ 'ವರೈ', ಈಗಿನ ಬಳಕೆಯಲ್ಲಿ ಚಿತ್ರ ಬಿಡಿಸುವುದು. ಮನೆಯಲ್ಲಿ 'ಬರಿ' ಎಂದರೆ ಅಕ್ಷರ, ಶಾಲೆಯಲ್ಲಿ ಅದೇ ಪದದ ಇನ್ನೊಂದು ರೂಪ ಚಿತ್ರ. ಮನೆಯ ಹಲಗೆ ಶಾಲೆಯಲ್ಲಿ ಪಲಗೈ. ಭಾಷಾಶಾಸ್ತ್ರಜ್ಞರು ಶತಮಾನಗಳಲ್ಲಿ ಎಣಿಸುವ ದೂರವನ್ನು ನಮ್ಮ ಐದು ವರ್ಷದ ಮಗು ದಿನವೂ ಬೆಳಿಗ್ಗೆ ಒಂಬತ್ತು ಗಂಟೆಗೆ ದಾಟುತ್ತಿತ್ತು.

ಈ ನಾಲ್ಕರಲ್ಲಿ 'ಹೇಳಿಕೊಡು' ನಮಗೆ ಅತ್ಯಂತ ಪ್ರಿಯವಾದದ್ದು. ಇಂಗ್ಲಿಷಿನ ಟೀಚ್ ಎಂಬುದರಲ್ಲಿ ಕೊಡುವ ಮಾತಿಲ್ಲ. ಕನ್ನಡದಲ್ಲಿ ಗುರು ಹೇಳುವುದಷ್ಟೇ ಅಲ್ಲ, ಹೇಳಿ ಕೊಡುತ್ತಾರೆ. ಶಿಷ್ಯ ಕಲಿತು ಕೊಳ್ಳುತ್ತಾನೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದ ಮೇಲೇ ವಿದ್ಯೆ ಪೂರ್ತಿಯಾಗುವುದೆಂದು ಆ ಪದದ ರಚನೆಯೇ ತಿಳಿಸುತ್ತದೆ. ತಮಿಳಿನ 'ಸೊಲ್ಲಿಕ್ಕೊಡು' ಕೂಡ ಅಚ್ಚು ಇದೇ ರೀತಿಯದು. ಮಧುರೆಯ ವಾತ್ತಿಯಾರೂ ಬಳ್ಳಾರಿಯ ಐಗಳೂ ಒಂದೇ ಮಾತಿನಲ್ಲಿ ಕೊಟ್ಟರು.

ಉಳಿಸಿಕೊಳ್ಳಬೇಕಾದದ್ದು

ನಮ್ಮ ಆತಂಕ ಇರುವುದು ಇಲ್ಲಿಯೇ. ಸಾರ್, ಟೀಚರ್, ಲೀವು ಎಂಬ ಪದಗಳಿಂದ ಮನೆಮಾತು ಸಾಯುವುದಿಲ್ಲ. ಕನ್ನಡ ನಾಡಿನಲ್ಲಿಯೂ ಅವೇ ಪದಗಳಿವೆ. ಆದರೆ ಈಚೆಗೆ ನಮ್ಮ ಮನೆಗಳಲ್ಲಿ 'ಓದಿದೆಯಾ' ಎಂಬುದು 'ಪಡಿಚ್ಚಾಯಾ' ಎಂದಾಗುತ್ತಿದೆ. 'ಹೇಳಿಕೊಡು' ಎನ್ನುವಲ್ಲಿ 'ಟೀಚ್ ಪಣ್ಣು' ಎಂಬುದು ಕೇಳಿಬರುತ್ತಿದೆ. ಆಧಾರವಾದ ಕ್ರಿಯಾಪದವೇ ಬದಲಾದ ಮೇಲೆ ಉಳಿಯುವುದು ಕನ್ನಡವಲ್ಲ, ಕನ್ನಡದ ನೆನಪು. ಅಜ್ಜಿಯೊಡನೆ ಮಾತ್ರ ಕನ್ನಡ ಎಂಬ ಮನೆಗಳಲ್ಲಿ, ಅಜ್ಜಿ ತೀರಿದ ದಿನ ಭಾಷೆಯೂ ತೀರುತ್ತದೆ.

ಹೊಸೂರಿನ ಕಡೆ, ತಾಳವಾಡಿಯ ಕಡೆ ಗಡಿಯಂಚಿನ ಕನ್ನಡಿಗರಿಗೆ ಕನ್ನಡ ಮಾಧ್ಯಮದ ಶಾಲೆಗಳಿವೆ. ಗಡಿಯಿಂದ ದೂರವಾದ ನಮಗೆ ಮನೆಯ ಜಗುಲಿಯೇ ಶಾಲೆ. ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಬೆಳಗಾವಿಯ ಕಡೆ ಕನ್ನಡ ಮನೆಯ ಮಕ್ಕಳು ಮರಾಠಿ ಶಾಲೆಯಲ್ಲಿ ಓದಬೇಕಾಗಿದ್ದ ಕಾಲವೊಂದಿತ್ತು. ಡೆಪ್ಯುಟಿ ಚನ್ನಬಸಪ್ಪನವರು ಊರೂರಿಗೆ ಕನ್ನಡ ಶಾಲೆ ತೆರೆಯಲು ಶ್ರಮಿಸಿದರು. 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಅವರಿಗಿದ್ದ ಬೆಂಬಲ ನಮಗಿಲ್ಲ, ನಮ್ಮ ಸಂಖ್ಯೆಯೂ ಕಡಿಮೆ. ಇಲ್ಲಿನ ತಮಿಳಿನೊಡನೆ ನಮಗೆ ಜಗಳವೂ ಇಲ್ಲ. ಆದರೂ ಕೆಲವರು ಕೂಡಿ ಸಂಘ ಕಟ್ಟಿದರೆ ಭಾಷೆಗೆ ಬಲ ಬರುತ್ತದೆಂಬ ಪಾಠ ನಮಗೂ ಅನ್ವಯಿಸುತ್ತದೆ.

ನಮ್ಮಲ್ಲಿ ಅನೇಕರಂತೆ ನಾವೂ ಕನ್ನಡ ಲಿಪಿಯನ್ನು ಕಲಿತದ್ದು ತಲೆ ನರೆತ ಮೇಲೆ. ಹುಟ್ಟಿದಾಗಿನಿಂದ ಆಡಿದ ಮಾತನ್ನು ಮೊದಲ ಬಾರಿ ಅಕ್ಷರದಲ್ಲಿ ಕಂಡಾಗ, ನಮ್ಮ ಮನೆಯ ಮಾತಿಗೂ ಪುಸ್ತಕವಾಗುವ ಯೋಗ್ಯತೆ ಇದೆಯೆಂದು ತಿಳಿದು ಕಣ್ಣು ತುಂಬಿತು. ಆ ಸಂತೋಷ ನಮ್ಮ ಮೊಮ್ಮಕ್ಕಳಿಗೆ ಅರುವತ್ತು ವರ್ಷ ಕಾಯದೆ ದೊರೆಯಲಿ ಎಂಬುದು ನಮ್ಮ ಆಸೆ.

ಆದುದರಿಂದ ಸಂಘದ ಎಲ್ಲ ಕುಟುಂಬಗಳಲ್ಲಿ ನಮ್ಮದೊಂದು ವಿನಂತಿ. ಮುಂದಿನ ಸಮ್ಮಿಲನಕ್ಕೆ ಬರುವಾಗ ಪ್ರತಿಯೊಂದು ಮನೆಯವರೂ ತಮ್ಮ ಹಿರಿಯರ ಬಾಯಿಂದ ಹತ್ತು ಪದಗಳನ್ನು ಕೇಳಿ ಬರೆದು ತರಲಿ. ಲಿಪಿ ಯಾವುದಾದರೂ ಆಗಲಿ, ತಮಿಳು ಅಕ್ಷರದಲ್ಲಿ ಬರೆದರೂ ಸರಿಯೆ. ಕೊಟ್ಟಿಗೆಯವು, ಮಗ್ಗದವು, ಅಡುಗೆಮನೆಯವು, ಓದಿನವು ಎಲ್ಲವೂ ಬೇಕು. ಭಾನುವಾರ ಒಂದು ಗಂಟೆ ಯಾರ ಮನೆಯ ಜಗುಲಿಯಲ್ಲಾದರೂ ಮಕ್ಕಳನ್ನು ಕೂರಿಸಿಕೊಂಡು, ತಟ್ಟೆಯಲ್ಲಿ ಅಕ್ಕಿ ಹರಡಿ, ಬೆರಳು ಹಿಡಿದು ಅಕಾರ ಬರೆಯಿಸುವವರಿದ್ದರೆ ಅಂದಿನಿಂದಲೇ ಶಾಲೆ ಆರಂಭವಾಯಿತೆಂದು ತಿಳಿಯೋಣ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆ ನಮ್ಮಲ್ಲಿದೆ. ಆ ಒಕ್ಕಾಲು ಓದು ಕನ್ನಡದಲ್ಲಿಯೂ ಇರಲಿ. ಕಲಿಸುವವರನ್ನು ಮಕ್ಕಳು ಸಾರ್ ಎಂದು ಕರೆದರೂ, ಟೀಚರ್ ಎಂದು ಕರೆದರೂ ನಮಗೆ ಬೇಸರವಿಲ್ಲ. ಅವರು ಹೇಳಿಕೊಡಲಿ, ಮಕ್ಕಳು ಕಲಿತುಕೊಳ್ಳಲಿ.